ಓದುಗರ ಪ್ರಶ್ನೆ, ನಮ್ಮ ಉತ್ತರ: ಅಕ್ಟೋಬರ್ 31ರ ದೆವ್ವದ ಹಬ್ಬ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಹ್ಯಾಲೋವೀನ್ ಬಗ್ಗೆಯೇ ಹೆಚ್ಚು ಪತ್ರಗಳು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗುವಿಗೆ ದೆವ್ವದ ವೇಷ ಹಾಕಿ ಕಳಿಸಿ ಎಂದು ಶಾಲೆಯವರು ಹೇಳಿದ್ದಾರೆ. ಇದು ಸೈತಾನನ ಪೂಜೆ ಅಂತಾರಲ್ಲ, ನಿಜವೇ? ಯಾವ ದೇಶದ ಹಬ್ಬ ಇದು?
– ಪೋಷಕರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಸೈತಾನನಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ಅಲ್ಲಿನ ಕೆಲ್ಟ್ ಜನ ದನಗಳನ್ನು ಬೆಟ್ಟದ ಹುಲ್ಲುಗಾವಲಿನಿಂದ ಇಳಿಸಿಕೊಂಡು ಬಂದು, ಬೆಂಕಿ ಹಾಕಿ ‘ಸೌವಿನ್’ ಹಬ್ಬ ಮಾಡುತ್ತಿದ್ದರು. ಆ ರಾತ್ರಿ ಸತ್ತವರು ಮನೆ ಕಡೆ ಬರುತ್ತಾರೆ ಎಂಬ ನಂಬಿಕೆ ಇತ್ತು. ಮುಂದೆ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನ, 2ನ್ನು ಸಕಲ ಮೃತರ ದಿನ ಎಂದು ಗೊತ್ತುಮಾಡಿತು. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೋವೀನ್. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವವರಿಗೆ ಈ ನಂಬಿಕೆ ಹೊಸದೇನಲ್ಲ.

ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಈಗಿನ ರೂಪ ಅಮೆರಿಕ, ಕೆನಡಾಗಳಲ್ಲಿ 1920–30ರ ದಶಕಗಳಲ್ಲಿ ಬೆಳೆದದ್ದು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದಾಗ ಅದೂ ಕುಂದಿತ್ತು. ಸ್ಕಾಟ್ಲೆಂಡಿನ ಹಳೆಯ ಪದ್ಧತಿ ನಮಗೆ ಹೆಚ್ಚು ಹಿಡಿಸುತ್ತದೆ: ಬಾಗಿಲಿಗೆ ಬಂದ ಮಗು ಹಾಡು ಹೇಳಬೇಕು, ಇಲ್ಲವೇ ನಗೆಚಟಾಕಿ ಹಾರಿಸಬೇಕು, ಆಮೇಲೆಯೇ ತಿಂಡಿ. ನಿಮ್ಮ ಶಾಲೆಯವರಿಗೆ ಒಗಟಿನ ಪಂದ್ಯ ಇಡಿ ಎಂದು ಹೇಳಿ ನೋಡಿ.

ವೇಷದ ಬಗ್ಗೆ ಎರಡು ಮಾತು. ಬಾಡಿಗೆ ವೇಷಗಳು ಬಹುಪಾಲು ಪಾಲಿಯೆಸ್ಟರ್. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ, ಹಾಗಾಗಿ ಹತ್ತಿರದಲ್ಲಿ ಮೇಣದಬತ್ತಿ ಬೇಡ. ಮುಖಕ್ಕೆ ಪೋಸ್ಟರ್ ಬಣ್ಣ, ಓಕುಳಿ ಪುಡಿ ಹಚ್ಚಬೇಡಿ. ಮುಖಕ್ಕೆಂದೇ ಮಾಡಿದ ಬಣ್ಣ ತಂದರೂ ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ, ಕೆಂಪಾಗುತ್ತದೆಯೇ ನೋಡಿ.

ಪ್ರಶ್ನೆ: ನಮ್ಮ ಮಾರುಕಟ್ಟೆಯ ಕುಂಬಳಕಾಯಿಯಲ್ಲಿ ಆ ಮುಖದ ದೀಪ ಮಾಡಬಹುದೇ? ಕಳೆದ ಬಾರಿ ಮಾಡಿದ್ದು ಎರಡೇ ದಿನಕ್ಕೆ ಕೊಳೆತು ಹೋಯಿತು.
– ಅಪಾರ್ಟ್‌ಮೆಂಟ್ ನಿವಾಸಿಗಳು, ದಾವಣಗೆರೆ

ಉತ್ತರ: ಮಾಡಬಹುದು, ಆದರೆ ತೋಳಿನ ಕೆಲಸ ಜಾಸ್ತಿ. ಅಮೆರಿಕದಲ್ಲಿ ಕೆತ್ತಲೆಂದೇ ಬೆಳೆಯುವ ಕಾಯಿಯ ಗೋಡೆ ತೆಳು, ಒಳಗೆಲ್ಲ ಪೊಳ್ಳು. ನಮ್ಮ ಸಿಹಿಗುಂಬಳ ಅಡುಗೆಯ ತಳಿ, ತಿರುಳು ದಪ್ಪ, ಸಿಪ್ಪೆ ಗಟ್ಟಿ. ಮೊದಮೊದಲು ಐರ್ಲೆಂಡಿನಲ್ಲಿ ಈ ದೀಪಕ್ಕೆ ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು, ಅದು ಇನ್ನೂ ಕಠಿಣ. 1845ರಿಂದ ಶುರುವಾದ ಆಲೂಗಡ್ಡೆ ಕ್ಷಾಮದಿಂದ ಐರಿಷರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿ ಹೇರಳವಾಗಿ ಸಿಗುವ ಕುಂಬಳಕಾಯಿಯೇ ದೀಪವಾಯಿತು.

3ರಿಂದ 4 ಕಿಲೋ ತೂಗುವ, ಅಲುಗಾಡದೆ ಕೂರುವ, ತೊಟ್ಟು ಗಟ್ಟಿಯಾಗಿರುವ ಕಾಯಿ ಆರಿಸಿ. ಉಗುರು ಒತ್ತಿದಾಗ ಗೀರು ಬಿದ್ದರೆ ಅದು ಎಳೆಯದು, ಬೇಡ. ಮೇಲೆ ಮುಚ್ಚಳ ಕೊಯ್ಯುವಾಗ ಚಾಕುವಿನ ಮೊನೆ ಕಾಯಿಯ ನಡುವಿನ ಕಡೆಗೆ ಓರೆಯಾಗಿರಲಿ. ನೆಟ್ಟಗೆ ಕೊಯ್ದರೆ ಮುಚ್ಚಳ ಸ್ವಲ್ಪ ಒಣಗಿದ ಕೂಡಲೇ ಒಳಗೆ ಬೀಳುತ್ತದೆ. ಬೀಜ, ನಾರು ಪೂರ್ತಿ ತೆಗೆದು, ಮುಖ ಬರುವ ಕಡೆಯ ಗೋಡೆಯನ್ನು 2.5 ಸೆಂಟಿಮೀಟರ್‌ಗೆ ಬರುವಷ್ಟು ಸ್ಟೀಲ್ ಚಮಚದಿಂದ ಕೆರೆಯಿರಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ, ಆಮೇಲೆ ಬೆಳಕು ಹೊರಗೆ ಬರುವುದಿಲ್ಲ ಎಂದು ಗೊಣಗುತ್ತಾರೆ. ಕೆರೆದ ತಿರುಳು ಪಲ್ಯಕ್ಕಾಯಿತು.

ಮುಖವನ್ನು ಪೆನ್ನಿನಲ್ಲಿ ಬರೆದುಕೊಂಡು, ಕರಗಸದ ಹಲ್ಲಿರುವ ಸಣ್ಣ ಚಾಕುವಿನಿಂದ ಮೊದಲು ಕಣ್ಣು, ಮೂಗು, ಕೊನೆಗೆ ಬಾಯಿ ಕೊಯ್ಯಿರಿ. ಬಾಯಿ ಮೊದಲು ಕೊಯ್ದರೆ ಗೋಡೆ ಸಡಿಲಾಗಿ ಕಣ್ಣಿನ ಹತ್ತಿರ ಸೀಳುತ್ತದೆ. ಮಕ್ಕಳಿಗೆ ಪೆನ್ನು ಕೊಡಿ, ಚಾಕು ಕೊಡಬೇಡಿ.

ಇನ್ನು ಕೊಳೆಯುವ ವಿಚಾರ. ಅಕ್ಟೋಬರ್ ಕೊನೆಗೆ ಅಲ್ಲಿ ಚಳಿ, ಇಲ್ಲಿ ಹಗಲು 30 ಡಿಗ್ರಿ ಆಸುಪಾಸು, ಜತೆಗೆ ಹಿಂಗಾರಿನ ತೇವ. ಕೊಯ್ದ ಅಂಚಿನಲ್ಲಿ ಬೂಸ್ಟು ಬರಲು ಅಷ್ಟು ಸಾಕು. 30ರ ಸಂಜೆ ಕೆತ್ತಿ, ಅದಕ್ಕಿಂತ ಮುಂಚೆ ಬೇಡ. 4 ಲೀಟರ್ ನೀರಿಗೆ 1 ದೊಡ್ಡ ಚಮಚ ದ್ರವ ಬ್ಲೀಚ್ ಬೆರೆಸಿ ಒಳಗೂ ಅಂಚಿಗೂ ಸವರಿ, ಬೋರಲು ಹಾಕಿ ಒಣಗಿಸಿ, ಅಂಚಿಗೆ ವ್ಯಾಸಲೀನ್ ಹಚ್ಚಿ. ಬ್ಲೀಚ್ ಮುಟ್ಟಿದ ಕಾಯಿ ಅಡುಗೆಗೂ ಬೇಡ, ದನಕ್ಕೂ ಬೇಡ. ಒಳಗೆ ಎಲ್‌ಇಡಿ ದೀಪವಿಡಿ. ಹಣತೆಯ ಬಿಸಿಗೆ ಮುಚ್ಚಳ ಬೆಂದು ಇನ್ನೂ ಬೇಗ ಕೆಡುತ್ತದೆ.

ಪ್ರಶ್ನೆ: ಹೊಸ ಮನೆ ಮುಂದೆ ಕಟ್ಟುವ ದೃಷ್ಟಿ ಕುಂಬಳಕ್ಕೂ ಇದಕ್ಕೂ ನಂಟಿದೆಯೇ?
– ಓದುಗರು, ಹೊಸದುರ್ಗ

ಉತ್ತರ: ಇಲ್ಲ. ಎರಡಕ್ಕೂ ಕೆಟ್ಟದ್ದನ್ನು ದೂರವಿಡುವ ಕೆಲಸ ವಹಿಸಿದ್ದಾರೆ, ಅಷ್ಟೇ ಸಾಮ್ಯ. ನಮ್ಮದು ಹೆಚ್ಚಾಗಿ ಬೂದುಗುಂಬಳ, ಕಾಯಿಯೇ ಬೇರೆ.

ಪ್ರಶ್ನೆ: ಮೆಕ್ಸಿಕೋದವರು ಸತ್ತವರ ಹಬ್ಬಕ್ಕೆ ಚೆಂಡು ಹೂವನ್ನೇ ಬಳಸುತ್ತಾರಂತೆ. ನಾವು ಬೆಳೆಯುವುದೂ ಅದೇ ಹೂವೇ? ಸೇವಂತಿಗೆಗೂ ಅಲ್ಲಿ ಬೇಡಿಕೆ ಇದೆಯೇ?
– ಹೂ ಬೆಳೆಗಾರರು, ಹಿರಿಯೂರು

ಉತ್ತರ: ಅದೇ ಹೂವು. ಚೆಂಡು ಹೂವಿನ ತವರೇ ಮೆಕ್ಸಿಕೋ, ನಮ್ಮ ದಸರಾ, ದೀಪಾವಳಿಗೆ ಅದು ಕಡಲು ದಾಟಿ ಬಂದ ಅತಿಥಿ. ನವೆಂಬರ್ 1ರಂದು ತೀರಿಹೋದ ಮಕ್ಕಳನ್ನು, 2ರಂದು ದೊಡ್ಡವರನ್ನು ಅಲ್ಲಿ ಮನೆಗೆ ಕರೆಯುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಮಂಟಪದಲ್ಲಿ ಸತ್ತವರ ಫೋಟೊ, ದಾರಿ ನಡೆದು ಬಂದವರಿಗೆ ಒಂದು ಲೋಟ ನೀರು, ಉಪ್ಪು, ಎಲುಬಿನ ಆಕಾರದ ಉಬ್ಬು ಇರುವ ಸಿಹಿ ಬ್ರೆಡ್, ಸಕ್ಕರೆ ಅಚ್ಚಿನ ತಲೆಬುರುಡೆ, ಅವರು ಇಷ್ಟಪಡುತ್ತಿದ್ದ ಅಡುಗೆ, ಕೋಪಾಲ್ ಎಂಬ ಮರದ ಅಂಟಿನ ಧೂಪ. ಬೀದಿಯಿಂದ ಮಂಟಪದವರೆಗೆ ಚೆಂಡು ಹೂವಿನ ಎಸಳು ಚೆಲ್ಲಿ ದಾರಿ ಮಾಡುತ್ತಾರೆ. ಆ ಬಣ್ಣ, ಆ ಘಾಟು ಹಿಡಿದು ಆತ್ಮಗಳು ಮನೆ ಗುರುತಿಸುತ್ತವೆ ಎಂಬ ನಂಬಿಕೆ. ಯುನೆಸ್ಕೋ 2008ರಲ್ಲಿ ಈ ಆಚರಣೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನವರ ಮುಂದೆ ಇದನ್ನು ಮೆಕ್ಸಿಕೋದ ಹ್ಯಾಲೋವೀನ್ ಎಂದರೆ ಮುಖ ಸಿಂಡರಿಸುತ್ತಾರೆ, ಅವರದು ನ್ಯಾಯವೇ.

ಸೇವಂತಿಗೆಗೆ ಯುರೋಪಿನಲ್ಲಿ ಆ ವಾರ ಭರ್ಜರಿ ವ್ಯಾಪಾರ. ಫ್ರಾನ್ಸ್, ಇಟಲಿ, ಪೋಲೆಂಡ್‌ಗಳಲ್ಲಿ ಸಮಾಧಿಗೆ ಒಯ್ಯುವ ಹೂವು ಅದೇ. ಪೋಲೆಂಡಿನಲ್ಲಂತೂ ನವೆಂಬರ್ 1 ಸರ್ಕಾರಿ ರಜೆ, ಸ್ಮಶಾನದ ತುಂಬ ಗಾಜಿನ ಮುಚ್ಚಳದ ಮೇಣದ ದೀಪಗಳು. ನೆಂಟರ ಮಗ ಪ್ಯಾರಿಸ್‌ನಲ್ಲಿದ್ದರೆ ಒಂದು ಮಾತು ಹೇಳಿಡಿ: ಊಟಕ್ಕೆ ಕರೆದ ಮನೆಗೆ ಸೇವಂತಿಗೆ ಹಿಡಿದು ಹೋಗಬಾರದು.

ಪ್ರಶ್ನೆ: ಗಾಳಿಪಟ ಹಾರಿಸಿ ಸತ್ತವರನ್ನು ನೆನೆಯುವ ಊರು ಯಾವುದು?
– ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಗ್ವಾಟೆಮಾಲಾದ ಸುಂಪಾಂಗೊ ಮತ್ತು ಸಾಂತಿಯಾಗೊ ಸಕಾಟೆಪೆಕೆಸ್. ದಿನ ನವೆಂಬರ್ 1. ಬಿದಿರಿನ ಚೌಕಟ್ಟಿಗೆ ಬಣ್ಣದ ತೆಳು ಕಾಗದ ಅಂಟಿಸಿ, ತಿಂಗಳುಗಟ್ಟಲೆ ದುಡಿದು ಮಾಡುತ್ತಾರೆ. ತೀರ ದೊಡ್ಡವು ಹಾರುವುದಿಲ್ಲ, ನಿಲ್ಲಿಸಿ ನೋಡುವುದಷ್ಟೇ. ಅಂಚಿನ ಕಾಗದ ಗಾಳಿಗೆ ಪಟಪಟ ಬಡಿಯುವ ಸದ್ದಿಗೆ ಕೆಟ್ಟ ಆತ್ಮಗಳು ಓಡುತ್ತವಂತೆ.

ಪ್ರಶ್ನೆ: ಐರ್ಲೆಂಡಿನ ಹ್ಯಾಲೋವೀನ್ ಬ್ರೆಡ್ ನಮ್ಮ ಓವನ್‌ನಲ್ಲಿ ಆಗುತ್ತದೆಯೇ? ಅಳತೆ ಕೊಡಿ.
– ಬೇಕರಿ ನಡೆಸುವವರು, ಹರಿಹರ

ಉತ್ತರ: ಅದರ ಹೆಸರು ಬಾರ್ಮ್‌ಬ್ರ್ಯಾಕ್. ಯೀಸ್ಟ್ ಹಾಕುವುದು ಹಳೆಯ ಕ್ರಮ, ಚಹಾದಲ್ಲಿ ಮಾಡುವುದು ಸುಲಭ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಮುರಬ್ಬ ಸೇರಿ 375 ಗ್ರಾಂ, ಕಂದು ಸಕ್ಕರೆ 125 ಗ್ರಾಂ, ಹಾಲಿಲ್ಲದ ಕಡಕ್ ಚಹಾ 300 ಮಿಲಿ. ಇವಿಷ್ಟನ್ನು ರಾತ್ರಿಯಿಡೀ ನೆನೆಯಿಡಿ. ಬೆಳಿಗ್ಗೆ 225 ಗ್ರಾಂ ಮೈದಾ, ಎರಡೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಚಕ್ಕೆ–ಜಾಯಿಕಾಯಿ ಪುಡಿ, 1 ಮೊಟ್ಟೆ ಬೆರೆಸಿ, ಬಟರ್ ಪೇಪರ್ ಹಾಸಿದ ಟಿನ್ನಿಗೆ ಸುರಿದು 160 ಡಿಗ್ರಿಯಲ್ಲಿ ಸುಮಾರು ಒಂದೂಕಾಲು ಗಂಟೆ ಬೇಯಿಸಿ. ದ್ರಾಕ್ಷಿ ಒಂದೆರಡು ಗಂಟೆ ಮಾತ್ರ ನೆಂದಿದ್ದರೆ ಹಿಟ್ಟಿನ ತೇವ ಹೀರಿಕೊಂಡು ಬ್ರೆಡ್ ಒಣಕಲಾಗುತ್ತದೆ. ಅರ್ಧ ಬೆಂದಾಗ ಓವನ್ ಬಾಗಿಲು ತೆರೆದರೆ ನಡು ಕುಸಿಯುತ್ತದೆ. ಮೇಲ್ಭಾಗ ಬೇಗ ಕಪ್ಪಾದರೆ ಫಾಯಿಲ್ ಮುಚ್ಚಿ.

ಒಳಗೆ ಉಂಗುರ, ನಾಣ್ಯ, ಬಟ್ಟೆ ಚೂರು ಅಡಗಿಸುವುದು ಪದ್ಧತಿ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯ ಸಿಕ್ಕರೆ ದುಡ್ಡು, ಬಟ್ಟೆ ಸಿಕ್ಕರೆ ಬಡತನ. ಮಾರಾಟದ ಬ್ರೆಡ್‌ಗೆ ಏನನ್ನೂ ಹಾಕಬೇಡಿ. ಮನೆಗಾದರೆ ಬಟರ್ ಪೇಪರಿನಲ್ಲಿ ಸುತ್ತಿ, ಬೆಂದ ಮೇಲೆ ತಳದಿಂದ ಸೀಳಿ ತೂರಿಸಿ. ತಿನ್ನುವವರಿಗೆ ಮೊದಲೇ ಹೇಳಿರಬೇಕು, ಚಿಕ್ಕ ಮಕ್ಕಳ ತಟ್ಟೆಗೆ ಹೋಗುವ ಹೋಳನ್ನು ಮುರಿದು ನೋಡಿಯೇ ಕೊಡಬೇಕು.