ಆಟ ನಿಂತಿದೆ, ಕಪ್ಪು ಕೋಟು ಹಾಕಬಹುದಾ?

ಪ್ರಶ್ನೆ: ಮೇಡಂ, ನನಗೆ 25 ವರ್ಷ. ಬಿ.ಕಾಂ. ಆಗಿದೆ. ಯೂನಿವರ್ಸಿಟಿ ತಂಡದಲ್ಲಿ ವಾಲಿಬಾಲ್ ಆಡಿದ್ದೆ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿತು. ಕಳೆದ ವರ್ಷ ಮೊಣಕಾಲಿನ ಲಿಗಮೆಂಟ್ ಹರಿದು ಆಟ ನಿಂತಿತು. ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಆಡಿದ ಒಬ್ಬರು ಮುಂದೆ ವಕೀಲರಾದದ್ದನ್ನು ಓದಿದೆ. ಅವತ್ತಿನಿಂದ ಅದೇ ಯೋಚನೆ. ಕೆಲಸ ಬಿಟ್ಟು ಎಲ್‌ಎಲ್‌ಬಿ ಸೇರಲಾ? ಅಮ್ಮ ಬೇಡ ಅಂತಾರೆ.
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಅಮ್ಮನ ಹೆದರಿಕೆಗೆ ಕಾರಣ ಇದೆ ತಂಗೀ. ಸಂಬಳದ ಪೂರ್ಣಾವಧಿ ಕೆಲಸದಲ್ಲಿದ್ದುಕೊಂಡು ವಕೀಲಿಕೆ ಮಾಡಲು ಬಾರ್ ಕೌನ್ಸಿಲ್ (ವಕೀಲರನ್ನು ನೋಂದಾಯಿಸಿ ನಿಯಂತ್ರಿಸುವ ಸಂಸ್ಥೆ) ನಿಯಮ ಬಿಡುವುದಿಲ್ಲ. ಒಂದಲ್ಲ ಒಂದು ದಿನ ಕೆಲಸ ಬಿಡಲೇಬೇಕು. ಶುರುವಿನ ವರ್ಷಗಳಲ್ಲಿ ಸೀನಿಯರ್ ಕೊಡುವ ಹಣ ಬಸ್ಸಿಗೂ ಊಟಕ್ಕೂ ಸರಿಯಾಗುತ್ತದೆ, ಅಷ್ಟೇ. ಸ್ವಲ್ಪ ಉಳಿತಾಯ ಮಾಡಿಕೊಂಡೇ ಇಳಿಯಿರಿ.

ಆದರೆ ಇಳಿಯಿರಿ. ಭಾರತದ ವಾಲಿಬಾಲ್ ತಂಡ ಇವತ್ತಿನವರೆಗೆ ಒಲಿಂಪಿಕ್ಸ್ ಆಡಿಲ್ಲ, ನಿಜ. ಆದರೆ ಆಟ ಮುಗಿದ ಮೇಲಿನ ಬದುಕು ಎಲ್ಲ ಕಡೆ ಒಂದೇ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಓಗೊನ್ನಾ ನಮಾನಿ 2004 ಮತ್ತು 2008ರ ಒಲಿಂಪಿಕ್ಸ್ ಆಡಿ, ಬೆಳ್ಳಿ ಗೆದ್ದು, ಆಮೇಲೆ ಡಾಕ್ಟರ್ ಆದರು. ಆಡಿದವರಿಗೆ ಓದು ಹತ್ತುವುದಿಲ್ಲ ಅನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ನಾನೂ ವಾಲಿಬಾಲ್‌ನಲ್ಲಿ ಸೆಟ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಆಗಿದ್ದವಳು. ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಆಡಿ ಆಡಿ ನನ್ನ ಬಲಗೈ ಕಿರುಬೆರಳು ಈಗಲೂ ಸೊಟ್ಟ. ಮಂಗಳೂರು ಕೋರ್ಟಿನಲ್ಲಿ ನನ್ನ ಮೊದಲ ಪಾಟೀಸವಾಲು ಒಂದು ವಾಹನ ಅಪಘಾತದ ಕೇಸಿನಲ್ಲಿ. ಕೈ ನಡುಗುತ್ತಿತ್ತು. ಆದರೆ ಸಾಕ್ಷಿ ಪ್ರತಿ ಉತ್ತರಕ್ಕೂ ಮೊದಲು ತಮ್ಮ ವಕೀಲರ ಕಡೆ ಒಮ್ಮೆ ಕಣ್ಣು ಹಾಯಿಸುವುದು ಕಂಡಿತು. ಚೆಂಡು ಕೈಯಲ್ಲಿದ್ದರೂ ನೆಟ್ಟಿನಾಚೆ ಹೊಡೆತ ತಡೆಯಲು ನಿಂತ ಬ್ಲಾಕರ್‌ನ ಭುಜ ಎತ್ತ ವಾಲುತ್ತದೆ ಅಂತ ನೋಡುವ ಅಭ್ಯಾಸ ಅಲ್ವಾ ನಮಗೆ! ನಾನು ಅವರಿಬ್ಬರ ನಡುವೆ ಹೋಗಿ ನಿಂತೆ. ಮುಂದಿನ ಪ್ರಶ್ನೆಗೇ ಉತ್ತರ ತಡವರಿಸಿತು.

ದಾರಿ ಹೀಗಿದೆ. ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ 45% ಇದ್ದರೆ ಮೂರು ವರ್ಷದ ಎಲ್‌ಎಲ್‌ಬಿ. ನಿಮಗೆ ಉಡುಪಿ ಕುಂಜಿಬೆಟ್ಟಿನ ವೈಕುಂಠ ಬಾಳಿಗಾ ಕಾಲೇಜೇ ಹತ್ತಿರ. ದೂರಶಿಕ್ಷಣದ ಕಾನೂನು ಪದವಿಗೆ ಸನ್ನದು (ವಕೀಲಿಕೆ ಮಾಡುವ ಪರವಾನಗಿ) ಸಿಗುವುದಿಲ್ಲ, ಯಾರಾದರೂ ಆಸೆ ತೋರಿಸಿದರೆ ಸುಮ್ನೆ ದುಡ್ಡು ಕಟ್ಟಬೇಡಿ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಆಮೇಲೆ ಬಾರ್ ಕೌನ್ಸಿಲ್‌ನಲ್ಲಿ ನೋಂದಣಿ. 2024ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ವರ್ಗದವರಿಂದ ಇದಕ್ಕೆ 750 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ನಂತರ ಅಖಿಲ ಭಾರತ ಬಾರ್ ಪರೀಕ್ಷೆ.

ನಮ್ಮ ಆಟಗಾರರಿಗೆ ಆಟ ಗೊತ್ತಿರುವ ವಕೀಲರು ತುಂಬಾ ಬೇಕು. ಒಂದು ಕ್ಲಬ್ಬಿನ ಕಾಗದಕ್ಕೆ ನಾನು ಓದದೆ ಸಹಿ ಹಾಕಿದ್ದೆ. ಗಾಯವಾದರೆ ಆಸ್ಪತ್ರೆ ಖರ್ಚು ಆಟಗಾರರದ್ದೇ ಅಂತ ಅದರಲ್ಲಿತ್ತು. ಪಾದ ಉಳುಕಿದ ಮೇಲೆ ಗೊತ್ತಾಯಿತು.

ಅದಕ್ಕೇ ಹೇಳುತ್ತೇನೆ, ರಾಜೀನಾಮೆ ಬರೆಯುವ ಮೊದಲು ನಿಮ್ಮ ನೇಮಕಾತಿ ಆದೇಶ ತೆಗೆದು ಕೂತು ಓದಿ. ಆಟ ನಿಂತರೆ ಏನು, ಬಾಂಡ್ ಎಷ್ಟು ವರ್ಷದ್ದು, ಓದಲು ರಜೆ ಉಂಟಾ, ನೋಡಿ. ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಹಾಕಿ ನನಗೆ ಕಳಿಸಿ.