ಸೋಡಚೀಟಿ ಬೇರೆ, ಹಕ್ಕಸೋಡ ಪತ್ರ ಬೇರೆ

ಓದುಗರ ಪತ್ರ:
ಸಂಪಾದಕರಿಗೆ ನಮಸ್ಕಾರ. ನನಗೆ 36 ವರ್ಷ. ವಿಜಯಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್, ಪಗಾರ 42 ಸಾವಿರ. ಏಳು ವರ್ಷದ ಹಿಂದೆ ನಾನು ಮತ್ತು ನಮ್ಮ ಮನೆಯವರು ಇಬ್ಬರೂ ಸಹಿ ಮಾಡಿ 20 ವರ್ಷದ ಅವಧಿಗೆ 28 ಲಕ್ಷ ಸಾಲ ತೆಗೆದು, ಸೋಲಾಪುರ ರಸ್ತೆಯ ಕಡೆ ಇಬ್ಬರ ಹೆಸರಿನಲ್ಲೂ ಮನೆ ಖರೀದಿ ಮಾಡಿದೆವು. ಕಂತು 24,500. ಇನ್ನೂ 23 ಲಕ್ಷ ಬಾಕಿ. ಈಗ ಇಬ್ಬರೂ ಒಪ್ಪಿಯೇ ವಿಚ್ಛೇದನಕ್ಕೆ ಹಾಕಿದ್ದೇವೆ, ಕೋರ್ಟಿನಲ್ಲಿ ಕೊನೆಯ ಹೇಳಿಕೆ ಕೊಡುವ ಎರಡನೇ ತಾರೀಖಿಗೆ ಆರು ವಾರ ಇದೆ. ಕರಾರಿನಲ್ಲಿ 'ಮನೆ ಹೆಂಡತಿಗೆ, ಸಾಲದ ಕಂತು ಗಂಡನಿಗೆ' ಎಂದು ಬರೆದಿದ್ದಾರೆ. ಅತ್ತೆಯವರು ಮಾತ್ರ 'ಕಂತೆಲ್ಲ ನನ್ನ ಮಗನ ಖಾತೆಯಿಂದ ಹೋಗಿದೆ, ನಿನ್ನದೇನೈತಿ' ಅನ್ನುತ್ತಾರೆ. ಕೋರ್ಟಿನ ಆದೇಶ ಕೈಗೆ ಬಂದರೆ ಮನೆ ನನ್ನದಾದಂತೆಯೇ ಅಲ್ಲವೇ? ಇನ್ನೊಂದು ಸಣ್ಣ ವಿಷಯ: ಗೇಟಿನ ಕಂಬದಲ್ಲಿ ಇಬ್ಬರ ಹೆಸರಿನ ಕಲ್ಲು ಇದೆ. ಅದನ್ನು ತೆಗೆಸಬಹುದೇ?
– ಹೆಸರು ಬೇಡ, ವಿಜಯಪುರ

ಸಂಪಾದಕರ ಉತ್ತರ:
ಸಹೋದರಿ,

ನಿಮ್ಮ ಪತ್ರ ಓದುವಾಗ ನನಗೆ ನಮ್ಮ ಚಿಕ್ಕಪ್ಪನ ಮಗಳು ನೆನಪಾದಳು. ಬೆಳಗಾವಿಯ ಅನಗೋಳದಲ್ಲಿ ಅವಳದೂ ಇಂಥದ್ದೇ ಮನೆ, ಇಂಥದ್ದೇ ಕರಾರು. ಕೋರ್ಟಿನ ಡಿಕ್ರಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಒಳ್ಳೆಯ ಮನುಷ್ಯ. ಚಹಾ ತರಿಸಿದರು, ನಾಲ್ಕೂ ಪುಟ ಓದಿದರು, ಓದಿ ತಿರುಗಿಸಿ ಅವಳ ಮುಂದಿಟ್ಟರು. "ಎಲ್ಲಾ ಖರೆ ಐತ್ರೀ ಅಕ್ಕಾರ. ಆದ್ರ ಇದರಾಗ ನಮ್ಮ ಸಹಿ ಎಲ್ಲೈತ್ರೀ?"

ನಿಮ್ಮ ಪ್ರಶ್ನೆಗೆ ಉತ್ತರ ಆ ಒಂದು ಮಾತಿನಲ್ಲಿದೆ. ವಿಚ್ಛೇದನದ ಡಿಕ್ರಿ ಗಂಡ ಹೆಂಡತಿಯ ನಡುವಿನ ಕಾಗದ. ಬ್ಯಾಂಕು ಅದರಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ನೀವಿಬ್ಬರೂ ಸಾಲದ ಕಾಗದಕ್ಕೆ ಸಹಿ ಹಾಕಿದ ದಿನ ಒಪ್ಪಿಕೊಂಡದ್ದು ಅರ್ಧರ್ಧ ಸಾಲವನ್ನಲ್ಲ. ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಇಡೀ ಬಾಕಿಯನ್ನು ನಿಮ್ಮಲ್ಲಿ ಯಾರ ಹತ್ತಿರ ಬೇಕಾದರೂ ಬ್ಯಾಂಕು ಕೇಳಬಹುದು, 1872ರ ಕರಾರು ಕಾಯಿದೆ ಹೇಳುವುದು ಇದನ್ನೇ. ನಮ್ಮ ಕಡೆ ಹಿರಿಯರು ವಿಚ್ಛೇದನಕ್ಕೆ ಈಗಲೂ ಸೋಡಚೀಟಿ ಅನ್ನುತ್ತಾರೆ. ಸೋಡಚೀಟಿ ಮನುಷ್ಯರನ್ನು ಬಿಡಿಸುತ್ತದೆ. ಗೋಡೆಯನ್ನು ಬಿಡಿಸಲು, ಅಂದರೆ ಮನೆಯ ಮೇಲಿನ ಹಕ್ಕು ಬಿಟ್ಟುಕೊಡಲು, ಹಕ್ಕಸೋಡ ಪತ್ರ ಬೇಕು. ಸಾಲವನ್ನು ಬಿಡಿಸಲು ಇವೆರಡೂ ಸಾಕಾಗುವುದಿಲ್ಲ, ಬ್ಯಾಂಕಿನ ಒಪ್ಪಿಗೆ ಬೇಕು.

ಹೀಗಾಗಿ 'ಮನೆ ಹೆಂಡತಿಗೆ, ಕಂತು ಗಂಡನಿಗೆ' ಎಂಬ ಸಾಲು ಓದಿ ನನಗೆ ಸಮಾಧಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಬರೆದವರ ಮನಸ್ಸು ಕೆಟ್ಟದ್ದಲ್ಲ, ನಿಮ್ಮ ಯಜಮಾನರೂ ಉದಾರವಾಗಿಯೇ ಒಪ್ಪಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ: ತಾನು ಇರದ, ತನ್ನದಲ್ಲದ ಮನೆಗೆ ಅವರು ಇನ್ನು 13 ವರ್ಷ, ತಿಂಗಳಿಗೆ 24,500 ಕಟ್ಟಬೇಕು. ನಾಳೆ ಅವರು ಇನ್ನೊಂದು ಮದುವೆ ಆಗಬಹುದು, ನೌಕರಿ ಬಿಡಬಹುದು. ಕಂತು ತಪ್ಪಿದರೆ ಸಾಲದ ಚರಿತ್ರೆ ತೋರಿಸುವ ಇಬ್ಬರ ಸಿಬಿಲ್ ಅಂಕವೂ ಒಟ್ಟಿಗೇ ಇಳಿಯುತ್ತದೆ. 90 ದಿನ ಮೀರಿದರೆ ಸಾಲ ಸುಸ್ತಿ ಖಾತೆಗೆ ಹೋಗುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ತೆಗೆದುಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯಿದೆಯ ಪ್ರಕಾರ 60 ದಿನದ ನೋಟೀಸು. ಅದು ಬಂದು ಬೀಳುವುದು ಮನೆಯಲ್ಲಿ ಇರುವವರ ಬಾಗಿಲಿಗೆ, ಅಂದರೆ ನಿಮ್ಮ ಬಾಗಿಲಿಗೆ. ಆಗ ನೀವು ಡಿಕ್ರಿ ಹಿಡಿದುಕೊಂಡು ಅವರ ಮೇಲೆ ಕೋರ್ಟಿಗೆ ಹೋಗಬಹುದು, ನಿಜ. ಅಷ್ಟರಲ್ಲಿ ಮನೆಗೆ ಹರಾಜಿನ ಚೀಟಿ ಅಂಟಿರುತ್ತದೆ.

ಅವರ ಕಡೆಯಿಂದಲೂ ಒಮ್ಮೆ ನೋಡೋಣ, ಯಾಕೆಂದರೆ ಈ ಉತ್ತರವನ್ನು ನೀವು ಅವರಿಗೂ ಓದಿಸಬೇಕು ಎಂಬುದು ನನ್ನ ಆಸೆ. ಹಳೆಯ ಸಾಲ ಹೆಸರಿನಲ್ಲಿ ಇರುವವರೆಗೆ ಅವರಿಗೆ ಹೊಸ ಮನೆ ಸಾಲ ಸಿಗುವುದು ಕಷ್ಟ. ಮನೆಯೂ ಇಲ್ಲ, ಸಾಲವೂ ಬಿಡಲಿಲ್ಲ ಎಂಬ ಸ್ಥಿತಿ ಅವರಿಗೂ ಬೇಡ.

ಅತ್ತೆಯವರ ಮಾತಿಗೆ ಬರುತ್ತೇನೆ. ಖರೀದಿ ಪತ್ರದಲ್ಲಿ ನಿಮ್ಮ ಹೆಸರು ಇರುವಾಗ 'ನಿನ್ನದೇನೈತಿ' ಎಂಬ ಪ್ರಶ್ನೆಗೆ ಅರ್ಥವಿಲ್ಲ. ಹಾಗೆಂದು ಎಲ್ಲ ಪ್ರಸಂಗದಲ್ಲೂ ಸರಿಯಾಗಿ ಅರ್ಧ ಎಂದೂ ಹೇಳಲಾಗದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 45ನೇ ಕಲಮು ಹೇಳುವ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಪುರಾವೆ ಇಲ್ಲದಿದ್ದರೆ ಸಮಪಾಲು. ಮುಂಗಡ ಕೊಡುವಾಗ ನಿಮ್ಮ ಬಂಗಾರ ಮಾರಿದ್ದರೆ ಆ ಪಾವತಿ, ನಿಮ್ಮ ಖಾತೆಯಿಂದ ಮನೆ ಖರ್ಚಿಗೆ ಹೋದ ಹಣದ ಪಾಸ್‌ಬುಕ್ಕು, ಇವನ್ನೆಲ್ಲ ಒಂದು ಕಡೆ ಕಟ್ಟಿಡಿ. ಕಂತು ಅವರ ಖಾತೆಯಿಂದ, ಕಿರಾಣಿ ಮತ್ತು ಮಕ್ಕಳ ಫೀ ನಿಮ್ಮ ಖಾತೆಯಿಂದ ಹೋಗುವುದು ನಮ್ಮ ಎಷ್ಟೋ ಮನೆಗಳ ಪದ್ಧತಿ. ಜಗಳ ಬಂದಾಗ ಕಂತಿನ ಲೆಕ್ಕ ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಆದರೆ ಯಜಮಾನರು ಮನೆ ಬಿಟ್ಟುಕೊಡಲು ಒಪ್ಪಿರುವಾಗ ಈ ವಾದ ಬೆಳೆಸಬೇಡಿ.

ಈಗ ನಿಜವಾದ ಕೆಲಸ. ನೀವು 84 ಕಂತು ಕಟ್ಟಿದ್ದೀರಿ, ಅಂದರೆ ಸುಮಾರು 20 ಲಕ್ಷ 58 ಸಾವಿರ. ಅದರಲ್ಲಿ ಅಸಲಿಗೆ ಹೋದದ್ದು 5 ಲಕ್ಷ ಮಾತ್ರ, ಉಳಿದದ್ದೆಲ್ಲ ಬಡ್ಡಿ. ಮನೆ ಸಾಲದ ಮೊದಲ ವರ್ಷಗಳ ಹಣೆಬರಹವೇ ಹಾಗೆ. ಬ್ಯಾಂಕಿಗೆ ಹೋಗಿ 'ಸಾಲವನ್ನು ನನ್ನೊಬ್ಬಳ ಹೆಸರಿಗೆ ಮಾಡಿಕೊಡಿ' ಎಂದು ಅರ್ಜಿ ಕೊಟ್ಟರೆ ಅವರು ನೋಡುವುದು ನಿಮ್ಮ ಪಗಾರವನ್ನು. 42 ಸಾವಿರದಲ್ಲಿ 24,500 ಕಂತಿಗೆ ಹೋದರೆ ಅರ್ಧಕ್ಕಿಂತ ಹೆಚ್ಚಾಯಿತು, ಬಹುಶಃ ಒಪ್ಪುವುದಿಲ್ಲ. ಅವಧಿಯನ್ನು ಮತ್ತೆ 20 ವರ್ಷಕ್ಕೆ ಎಳೆದರೆ ಕಂತು 20 ಸಾವಿರದ ಆಸುಪಾಸಿಗೆ ಇಳಿಯುತ್ತದೆ, ಆದರೆ ಕೊನೆಗೆ ಸುಮಾರು 10 ಲಕ್ಷ ಹೆಚ್ಚು ಕಟ್ಟಿರುತ್ತೀರಿ. ನನಗೆ ಅದು ಇಷ್ಟವಿಲ್ಲ.

ನಾನು ಹೇಳುವ ದಾರಿ ಬೇರೆ. ಇಡೀ 23 ಲಕ್ಷವನ್ನು 13 ವರ್ಷ ಕಟ್ಟುತ್ತೇನೆ ಅಂದವರಿಗೆ, 'ಅಷ್ಟೆಲ್ಲ ಬೇಡ, ಒಂದೇ ಸಲ 6 ಲಕ್ಷ ಸಾಲದ ಖಾತೆಗೇ ಕಟ್ಟಿ, ನಿಮ್ಮ ಹೆಸರು ಬಿಡಿಸಿಕೊಳ್ಳಿ' ಎಂದು ಕೇಳಿ ನೋಡಿ. ಬಾಕಿ 17 ಲಕ್ಷಕ್ಕೆ ಇಳಿಯುತ್ತದೆ. ಅದೇ 13 ವರ್ಷದಲ್ಲಿ ಕಂತು ಸುಮಾರು 18,100. ನಿಮ್ಮ ಪಗಾರಕ್ಕೆ ಬ್ಯಾಂಕು ಒಪ್ಪಬಹುದಾದ ಮೊತ್ತ ಇದು. ಬಡ್ಡಿ ದರ ಬದಲಾಗುವ ಸಾಲವಾಗಿದ್ದರೆ, ಮುಂಚಿತವಾಗಿ ಕಟ್ಟಿದ್ದಕ್ಕೆ ವ್ಯಕ್ತಿಗಳಿಂದ ದಂಡ ವಸೂಲಿ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 13 ವರ್ಷದ ಮಾತಿಗಿಂತ ಇಂದಿನ 6 ಲಕ್ಷ ನಿಮಗೆ ಗಟ್ಟಿ. ಅಷ್ಟು ಆಗದಿದ್ದರೆ ನಿಮ್ಮ ಅಣ್ಣನೋ ತಂದೆಯೋ ಜೊತೆ ಸಾಲಗಾರರಾಗಿ ಬರುತ್ತಾರೆಯೇ ಕೇಳಿ. ಅದೂ ಆಗದು, ಈ ಬ್ಯಾಂಕು ಬಗ್ಗುವುದಿಲ್ಲ ಅಂದರೆ ಬೇರೆ ಬ್ಯಾಂಕಿನ ಟೇಕೋವರ್, ಅಂದರೆ ಸಾಲವನ್ನು ಅಲ್ಲಿಗೆ ವರ್ಗಾಯಿಸುವುದು. ಯಾವುದೂ ಹೊಂದದಿದ್ದರೆ ಮನೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳುವುದು. ಈ ಕೊನೆಯ ಮಾತು ಓದಿ ಬೇಸರ ಆಗಬಹುದು, ಆದರೂ ಅದನ್ನು ಮನಸ್ಸಿನಿಂದ ಪೂರ್ತಿ ತೆಗೆದುಹಾಕಬೇಡಿ.

ಬ್ಯಾಂಕು ಲಿಖಿತವಾಗಿ ಒಪ್ಪಿದ ಮೇಲೆ ಉಪನೋಂದಣಿ ಕಚೇರಿ. ಮೂಲ ಖರೀದಿ ಪತ್ರ ಬ್ಯಾಂಕಿನಲ್ಲಿ ಅಡವು ಇರುವುದರಿಂದ ಅವರ ನಿರಾಕ್ಷೇಪಣಾ ಪತ್ರ ಇಲ್ಲದೆ ಮುಂದೆ ಹೋಗಬೇಡಿ. ಯಜಮಾನರು ತಮ್ಮ ಪಾಲನ್ನು ನಿಮಗೆ ಬಿಟ್ಟುಕೊಟ್ಟ ಹಕ್ಕಸೋಡ ಪತ್ರ ಅಲ್ಲಿ ನೋಂದಣಿ ಆಗಬೇಕು. 'ಕೋರ್ಟಿನ ಕರಾರಿನಲ್ಲೇ ಬರೆದಿದೆಯಲ್ಲ, ಮತ್ತೆ ನೋಂದಣಿ ಯಾಕೆ' ಎಂದು ಕೆಲವರು ಹೇಳುತ್ತಾರೆ. 1908ರ ನೋಂದಣಿ ಕಾಯಿದೆಯ 17ನೇ ಕಲಮಿನಲ್ಲಿ, ರಾಜಿ ಡಿಕ್ರಿಯಲ್ಲಿ ದಾವೆಯ ವಿಷಯವಲ್ಲದ ಸ್ಥಿರಾಸ್ತಿ ಸೇರಿದ್ದರೆ ಅದಕ್ಕೆ ನೋಂದಣಿಯ ವಿನಾಯಿತಿ ಇಲ್ಲ. ವಿಚ್ಛೇದನದ ಅರ್ಜಿ ಮನೆಯ ದಾವೆ ಹೌದೋ ಅಲ್ಲವೋ ಎಂಬ ಚರ್ಚೆಯನ್ನು ವಕೀಲರು ಮಾಡಿಕೊಳ್ಳಲಿ, ನೀವು ನೋಂದಣಿ ಮಾಡಿಸಿಬಿಡಿ.

ಅದೂ ಡಿಕ್ರಿಗಿಂತ ಮೊದಲೇ. ಕರ್ನಾಟಕದಲ್ಲಿ ಕುಟುಂಬದವರ ನಡುವಿನ ಹಕ್ಕು ಬಿಡುಗಡೆಗೆ ಮುದ್ರಾಂಕ ಶುಲ್ಕ ಅಲ್ಪ. ಹೊರಗಿನವರ ನಡುವೆ ಆದರೆ ಬೆಲೆಯ ಮೇಲೆ ಲೆಕ್ಕ. ಇವತ್ತು ನೀವಿಬ್ಬರೂ ಕಾನೂನಿನ ಕಣ್ಣಿಗೆ ಗಂಡ ಹೆಂಡತಿ. ಡಿಕ್ರಿಯ ಮರುದಿನ ಅಲ್ಲ.

ಇಲ್ಲೊಂದು ಗಂಟು ಇದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದೆ ತೆಗೆದುಕೊಳ್ಳಬಹುದು, ಸುಪ್ರೀಂ ಕೋರ್ಟು 1991ರಲ್ಲೇ ಹೀಗೆ ಹೇಳಿದೆ. ಮೊದಲೇ ಹಕ್ಕು ಬಿಟ್ಟುಕೊಟ್ಟರೆ ಇವಳು ಕೋರ್ಟಿಗೆ ಬರದಿದ್ದರೆ ಹೇಗೆ ಎಂದು ಅವರಿಗೆ ಅನುಮಾನ. ಮೊದಲು ಡಿಕ್ರಿ ಆದರೆ ಅವರು ನೋಂದಣಿಗೆ ಬರದಿದ್ದರೆ ಎಂದು ನಿಮಗೆ. ಇಬ್ಬರ ಅನುಮಾನವೂ ಸರಿಯೇ. ಬ್ಯಾಂಕಿನ ಮಂಜೂರಾತಿ ಪತ್ರ, ಪತ್ರದ ಕರಡು, ಹಣ ಎಲ್ಲ ಸಿದ್ಧ ಮಾಡಿಟ್ಟುಕೊಂಡು, ಕೋರ್ಟಿನ ಎರಡನೇ ತಾರೀಖಿನ ಹಿಂದಿನ ದಿನವೋ ಎರಡು ದಿನ ಮೊದಲೋ ನೋಂದಣಿಗೆ ಸಮಯ ತೆಗೆದುಕೊಳ್ಳಿ. ನ್ಯಾಯಾಧೀಶರ ಮುಂದೆ ಹೇಳಿಕೆ ಕೊಡುವಾಗ ಆ ನೋಂದಣಿ ಸಂಖ್ಯೆಯನ್ನೇ ದಾಖಲೆಗೆ ಸೇರಿಸಿ. ಆರು ವಾರ ಸಾಲದಿದ್ದರೆ ತಾರೀಖು ಮುಂದಕ್ಕೆ ಕೇಳಿ. ಮೊದಲ ಅರ್ಜಿಯಿಂದ 18 ತಿಂಗಳವರೆಗೆ ಅವಕಾಶ ಇದೆ. ಕರಾರಿನ ಆ ಒಂದು ಸಾಲನ್ನು ತಿದ್ದಿಸಲು ವಕೀಲರ ಫೀ ಭಾರವಾದರೆ, ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಅಲ್ಲಿ ನೆರವು ಪುಕ್ಕಟೆ, ಪಗಾರ ಎಷ್ಟೇ ಇರಲಿ.

ಉಳಿದದ್ದು ಓಡಾಟ. ಮಹಾನಗರ ಪಾಲಿಕೆಯಲ್ಲಿ ಖಾತೆ, ಉತಾರ (ಆಸ್ತಿಯ ದಾಖಲೆ ಪ್ರತಿ), ಹೆಸ್ಕಾಂನ ವಿದ್ಯುತ್ ಮೀಟರು, ಇವನ್ನೆಲ್ಲ ನಿಮ್ಮ ಹೆಸರಿಗೆ ಮಾಡಿಸಬೇಕು. ಉತಾರದಲ್ಲಿ ಬ್ಯಾಂಕಿನ ಬೋಜಾ, ಅಂದರೆ ಸಾಲದ ನಮೂದು, ಕಂಡರೆ ಗಾಬರಿ ಬೇಡ, ಸಾಲ ತೀರುವವರೆಗೆ ಅದು ಇದ್ದೇ ಇರುತ್ತದೆ. ಸಾಲದ ಜೊತೆ ವಿಮೆ ಮಾಡಿಸಿದ್ದರೆ ಅದು ಯಾರ ಜೀವದ ಮೇಲಿದೆ ಎಂದು ಒಮ್ಮೆ ತೆಗೆದು ನೋಡಿ.

ಹೆಸರಿನ ಕಲ್ಲಿನ ವಿಷಯ. ಅದಕ್ಕೆ ಯಾವ ಕಲಮೂ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಈಗಲೇ ಬೇಡ. ಬ್ಯಾಂಕಿನಿಂದ ಮನೆಯ ಬೆಲೆ ಕಟ್ಟಲು ಒಬ್ಬರು ಬರುತ್ತಾರೆ, ಯಜಮಾನರೂ ಸಹಿಗೆಂದು ಒಂದೆರಡು ಸಲ ಬರಬೇಕಾಗಬಹುದು. ಕಿತ್ತ ಕಲ್ಲಿನ ಗುರುತು ನೋಡಿ ಅವರ ಮನಸ್ಸು ತಿರುಗುವುದು ಬೇಡ. ಖಾತೆ ನಿಮ್ಮ ಹೆಸರಿಗೆ ಬಂದ ಮೇಲೆ ಗೌಂಡಿಯನ್ನು ಕರೆಸಿ, ಅರ್ಧ ದಿನದ ಕೆಲಸ. ಇಳಕಲ್ಲಿನ ಕೆಂಪು ಕಲ್ಲಾಗಿದ್ದರೆ ಒಡೆಯಲು ಬಿಡಬೇಡಿ. ತಿರುವಿ ಹಾಕಿ, ಹಿಂಬದಿಯಲ್ಲಿ ನಿಮಗೆ ಬೇಕಾದ ಹೆಸರು ಕೆತ್ತಿಸಬಹುದು.