ಟರ್ಬೋ ಇಲ್ಲದ 1.2 ಪೆಟ್ರೋಲ್ ಸ್ವಿಫ್ಟ್‌ಗೆ ಎಷ್ಟು ಇಂಚಿನ ಎಕ್ಸಾಸ್ಟ್ ಪೈಪ್ ಸರಿ?

ನಿಮ್ಮ ಪ್ರಶ್ನೆ ಓದಿದೆ. 2019ರ ಸ್ವಿಫ್ಟ್, 1.2 ಪೆಟ್ರೋಲ್. ಅಂಗಡಿಯವರು ‘ಎರಡೂವರೆ ಇಂಚಿನ ಫ್ರೀ ಫ್ಲೋ ಹಾಕಿಸಿ, ಗಾಡಿ ಹಾರುತ್ತೆ’ ಅಂದಿದ್ದಾರೆ. ಫ್ರೀ ಫ್ಲೋ ಅಂದರೆ ಹೊಗೆಗೆ ಅಡೆತಡೆ ಕಡಿಮೆ ಇರುವ ಎಕ್ಸಾಸ್ಟ್. ನಿಮ್ಮ ಗೆಳೆಯ ‘ಬ್ಯಾಕ್ ಪ್ರೆಶರ್ ಹೋದರೆ ಪಿಕಪ್ ಹೋಯ್ತು, ಇಂಜಿನ್ನೂ ಹಾಳಾಗುತ್ತೆ’ ಅಂದಿದ್ದಾನೆ. ಬ್ಯಾಕ್ ಪ್ರೆಶರ್ ಅಂದರೆ ಹೊರಗೆ ಹೋಗುವ ಹೊಗೆಗೆ ಎದುರಾಗುವ ಒತ್ತಡ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಇಬ್ಬರದೂ ಬೇಡ. ನಿಮ್ಮ ಕಾರಿಗೆ ಒಂದೂ ಮುಕ್ಕಾಲು ಇಂಚು ಸಾಕು. ಮುಂದೆ ಇಂಜಿನ್ ಕೆಲಸ ಮಾಡಿಸುವ ಯೋಚನೆ ಇದ್ದರೆ ಎರಡು ಇಂಚು. ಅದರ ಮೇಲೆ ಹೋಗಬೇಡಿ. ಹಾಗೇ, ಪೈಪ್ ಕತ್ತರಿಸುವ ಮೊದಲು ಎರಡು ಅಳತೆ ತೆಗೆದುಕೊಳ್ಳಿ. ಅವು ಕೈಯಲ್ಲಿದ್ದರೆ ಬಹುಶಃ ನೀವು ಪೈಪ್ ಬದಲಾಯಿಸುವುದೇ ಇಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಹತ್ತಿರ ಒಂದು ಮಾರುತಿ ಎಸ್ಟೀಮ್ ಕಾರು ಇತ್ತು. 1298 ಸಿಸಿ, 85 ಎಚ್‌ಪಿ, ಹೆಚ್ಚುಕಡಿಮೆ ನಿಮ್ಮ ಸ್ವಿಫ್ಟ್‌ನಷ್ಟೇ ಶಕ್ತಿ. ಅದಕ್ಕೆ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆ ಒಟ್ಟು ಸೇರುವ ಭಾಗ) ಕೆಳಗಿನಿಂದ ಹಿಂದಿನ ತುದಿವರೆಗೆ ಎರಡೂವರೆ ಇಂಚಿನ ಪೈಪ್ ಹಾಕಿಸಿದೆ. ನಡುವೆ ಇದ್ದ ರೆಸೊನೇಟರ್, ಅಂದರೆ ಗುಂಯ್ ಸದ್ದು ತಗ್ಗಿಸುವ ಡಬ್ಬ, ತೆಗೆಸಿದೆ. ಊರೊಳಗೆ ಸದ್ದು ಕೇಳಿ ಖುಷಿಯಾಯಿತು. ಆಮೇಲೆ ಒಂದು ದಿನ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮುಂದೆ ಒಂದು ಟ್ಯಾಂಕರ್. ಜಾಗ ಸಿಕ್ಕಾಗ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಲರೇಟರ್ ಒತ್ತಿದೆ. ಮೊದಲೆಲ್ಲ ಆರಾಮಾಗಿ ಎಳೆಯುತ್ತಿದ್ದ ಗಾಡಿ ಬರೀ ಗುಡುಗಿತು, ಮುಂದೆ ಹೋಗಲಿಲ್ಲ. ಎರಡನೇ ಗೇರಿಗೆ ಇಳಿಸಿ, ಮತ್ತೆ ಟ್ಯಾಂಕರ್ ಹಿಂದೆಯೇ ಸೇರಿಕೊಂಡೆ. ಮೈಲೇಜ್ ಕೂಡ ಲೀಟರಿಗೆ 14ರಿಂದ 11ಕ್ಕೆ ಬಿತ್ತು.

ಎಲ್ಲ ತಪ್ಪು ದೊಡ್ಡ ಪೈಪಿನದೇ ಅಂದುಕೊಂಡಿದ್ದೆ. ಹಾಸನದ ಹಳೇ ಮೆಕ್ಯಾನಿಕ್ ಒಬ್ಬರು ಬೇರೆಯದೇ ತೋರಿಸಿದರು. ಬೆಳಿಗ್ಗೆ ತಣ್ಣಗಿರುವಾಗ ಇಂಜಿನ್ ಸ್ಟಾರ್ಟ್ ಮಾಡಿಸಿದರು. ದಪ್ಪ ಬಟ್ಟೆ ಮಡಿಸಿ ಹಿಂದಿನ ಪೈಪಿನ ಬಾಯಿಗೆ ಒತ್ತಿ ಹಿಡಿದರು. ಮುಂದೆ, ಮ್ಯಾನಿಫೋಲ್ಡ್ ಕೂಡುವ ಜಾಗದಲ್ಲಿ ‘ಚಪ್ ಚಪ್’ ಅಂತ ಸದ್ದು ಬಂತು. ಬಗ್ಗಿ ನೋಡಿದರೆ ಪ್ಯಾಕಿಂಗ್ ಸುತ್ತ ಕಪ್ಪು ಮಸಿ. ಹೊಸ ಪೈಪಿನ ಫ್ಲೇಂಜ್ (ಬೋಲ್ಟ್ ಹಾಕಿ ಕೂಡಿಸುವ ಅಂಚು) ಸರಿಯಾಗಿ ಕೂತಿರಲಿಲ್ಲ. ಅಲ್ಲಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊಗೆಯ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಗೂ ಹೋಗುತ್ತೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿ ಕಂಡು ‘ಪೆಟ್ರೋಲ್ ಕಡಿಮೆ ಆಯಿತು’ ಅಂದುಕೊಳ್ಳುತ್ತೆ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಸುಮ್ನೆ ಜಾಸ್ತಿ ಪೆಟ್ರೋಲ್ ಬಿಡುತ್ತೆ. ಪ್ಯಾಕಿಂಗ್ ಸರಿ ಮಾಡಿದ ಮೇಲೆ ಮೈಲೇಜ್ ವಾಪಸ್ ಬಂತು. ಪಿಕಪ್ ಅರ್ಧ ಬಂತು. ಉಳಿದರ್ಧ ಬಂದದ್ದು ಒಂದೂ ಮುಕ್ಕಾಲು ಇಂಚಿನ ಪೈಪ್ ಮತ್ತು ರೆಸೊನೇಟರ್ ಹಾಕಿಸಿದ ಮೇಲೆ. ಹಾಗಾಗಿ ಯಾರಾದರೂ ‘ದೊಡ್ಡ ಪೈಪ್ ಹಾಕಿಸಿ ಪಿಕಪ್ ಹೋಯ್ತು’ ಅಂದರೆ ನಾನು ಮೊದಲು ಕೇಳುವುದು ಲೀಕ್ ಬಗ್ಗೆ.

ಈಗ ಬ್ಯಾಕ್ ಪ್ರೆಶರ್ ವಿಷಯ. ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು ಅನ್ನುವುದು ಸುಳ್ಳು. ಹೊಗೆಯನ್ನು ಹೊರಗೆ ತಳ್ಳಲು ಪಿಸ್ಟನ್ ಎಷ್ಟು ಕಷ್ಟಪಡುತ್ತೋ ಅಷ್ಟು ಶಕ್ತಿ ನಷ್ಟ, ಅದರಲ್ಲಿ ಲಾಭ ಅನ್ನುವುದೇ ಇಲ್ಲ. ಬೇಕಾಗಿರುವುದು ಹೊಗೆಯ ವೇಗ. ಒಲೆ ಊದುವ ಊದುಕೊಳವೆ ನೋಡಿದ್ದೀರಲ್ವಾ? ಅದೇ ಉಸಿರನ್ನು ದಪ್ಪ ಪಿವಿಸಿ ಪೈಪಿನಲ್ಲಿ ಊದಿದರೆ ಬೂದಿಯೂ ಅಲುಗಲ್ಲ. ಇಂಜಿನ್ ಮಾತ್ರ ಒಂದೇ ಸಮನೆ ಊದುವುದಿಲ್ಲ. ಒಂದೊಂದು ಸಿಲಿಂಡರ್ ಒಂದೊಂದು ಹೊಡೆತ ಬಿಡುತ್ತೆ. ಹೊಡೆತ ವೇಗವಾಗಿ ಮುಂದೆ ಹೋದಾಗ ಅದರ ಬೆನ್ನಿಗೆ ಒತ್ತಡ ಕಡಿಮೆಯಾಗುತ್ತೆ. ಅದೇ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ, ಇನ್‌ಟೇಕ್ ವಾಲ್ವ್ ತೆರೆಯುತ್ತಾ ಇರುವ ಒಂದು ಚೂರು ಸಮಯ ಇರುತ್ತೆ. ಆಗ ಈ ಸೆಳೆತ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು, ಹೊಸ ಗಾಳಿಯನ್ನು ಒಳಗೆ ಕರೆಯುತ್ತೆ. ಪೈಪ್ ತೀರಾ ದಪ್ಪ ಇದ್ದರೆ ಹೊಡೆತ ಅಲ್ಲೇ ಹರಡಿ ಸತ್ತುಹೋಗುತ್ತೆ. ನಿಮ್ಮ ಗೆಳೆಯ ಹೇಳಿದ ‘ಪಿಕಪ್ ಹೋಯ್ತು’ ಅನ್ನುವ ಅನುಭವ ನಿಜವೇ. ಅವನು ಕೊಟ್ಟ ಕಾರಣ ತಪ್ಪು.

ಈ ಸೆಳೆತದ ಆಟ ನಡೆಯುವುದು ಬಹುತೇಕ ಮ್ಯಾನಿಫೋಲ್ಡ್ ಮತ್ತು ಅದರ ಮುಂದಿನ ಮೊದಲ ಒಂದೆರಡು ಅಡಿಯಲ್ಲಿ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ದಾಟಿದ ಮೇಲೆ ಹೊಡೆತಗಳ ಮೊನೆ ಮುರಿದಿರುತ್ತೆ. ಹಿಂದೆ ಪೈಪ್ ಸ್ವಲ್ಪ ದಪ್ಪ ಆದರೆ ದೊಡ್ಡ ನಷ್ಟ ಇಲ್ಲ, ಆದರೆ ಲಾಭವೂ ಇಲ್ಲ. ನಾನು ಎಸ್ಟೀಮ್‌ನಲ್ಲಿ ಕೆಡಿಸಿಕೊಂಡಿದ್ದು ಆ ಮುಂದಿನ ಭಾಗವನ್ನೇ.

ಎರಡೂವರೆ, ಮೂರು ಇಂಚಿನ ಮಾತು ಟರ್ಬೋ ಕಾರುಗಳಿಂದ ಬಂದದ್ದು. ಅಲ್ಲಿ ಹೊಗೆ ಮೊದಲು ಟರ್ಬೈನ್ ಅನ್ನುವ ಚಕ್ರ ತಿರುಗಿಸಬೇಕು. ಟರ್ಬೈನ್‌ನ ಆಚೆ ಒತ್ತಡ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಅದಕ್ಕೆ ದಪ್ಪ ಪೈಪ್. ಅದನ್ನೇ ತಂದು ನಮ್ಮ ಕಾರಿಗೆ ಅಂಟಿಸಿದರೆ ಹೊಂದಲ್ಲ.

ಈಗ ನಿಮ್ಮ ಕಾರಿನ ಲೆಕ್ಕ. ಸ್ವಿಫ್ಟ್‌ನ ಕೆ12ಎಂ ಇಂಜಿನ್ 1197 ಸಿಸಿ, 6000 ಆರ್‌ಪಿಎಂನಲ್ಲಿ 82 ಎಚ್‌ಪಿ. ಎಕ್ಸಾಸ್ಟ್ ಕೆಲಸದವರು ಬಳಸುವ ಒಂದು ಅಂದಾಜು ಲೆಕ್ಕ ಇದೆ. ಒಂದು ಎಚ್‌ಪಿಗೆ ನಿಮಿಷಕ್ಕೆ 2.2 ಘನ ಅಡಿ ಹರಿವು ಬೇಕು. ಪೈಪಿನ ಒಳಗಿನ ಒಂದು ಚದರ ಇಂಚು ಜಾಗ 115 ಘನ ಅಡಿ ಹರಿಸುತ್ತೆ. ತಗಡಿನ ದಪ್ಪ 16 ಗೇಜ್ ಇರುವ ಪೈಪಿಗೆ ಇದನ್ನು ಹಾಕಿದರೆ ಒಂದೂವರೆ ಇಂಚು ಸುಮಾರು 77 ಎಚ್‌ಪಿಗೆ ಸಾಕು, ಒಂದೂ ಮುಕ್ಕಾಲು 108ಕ್ಕೆ, ಎರಡು ಇಂಚು 144ಕ್ಕೆ, ಎರಡೂವರೆ 230ಕ್ಕೆ. ನಿಮ್ಮದು 82. ಒಂದೂ ಮುಕ್ಕಾಲು ಇಂಚಿನಲ್ಲೇ ಇನ್ನೂ ಕಾಲು ಭಾಗ ಜಾಗ ಉಳಿಯುತ್ತೆ.

ಕಾಲಿಂಚು ಕಾಲಿಂಚು ಹೆಚ್ಚಾದರೆ ಏನು ಮಹಾ ಅಂತ ಅನಿಸಬಹುದು. ಅಗಲ ಹೆಚ್ಚಿದಂತೆ ಒಳಗಿನ ಜಾಗ ಅದರ ವರ್ಗದಷ್ಟು ಹೆಚ್ಚುತ್ತೆ. ಒಂದೂ ಮುಕ್ಕಾಲಿನಿಂದ ಎರಡೂವರೆಗೆ ಹೋದರೆ ಒಳಜಾಗ ಎರಡು ಪಟ್ಟಿಗಿಂತ ಜಾಸ್ತಿ. ನಾನು ಕೂತು ಲೆಕ್ಕ ಹಾಕಿದ್ದೇನೆ. ಪೂರ್ತಿ ಆಕ್ಸಲರೇಟರ್, 6000 ಆರ್‌ಪಿಎಂ, ನಡುವಿನ ಪೈಪಿನಲ್ಲಿ ಹೊಗೆ 500 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಂದೂ ಮುಕ್ಕಾಲು ಇಂಚಿನಲ್ಲಿ ಹೊಗೆ ಸೆಕೆಂಡಿಗೆ ಹತ್ತಿರ ಹತ್ತಿರ 110 ಮೀಟರ್ ಓಡುತ್ತೆ. ಎರಡೂವರೆಯಲ್ಲಿ ಬರೀ 50. ಸಿಟಿಯಲ್ಲಿ ನಾವು ಓಡಿಸುವ 2000 ಆರ್‌ಪಿಎಂನಲ್ಲಂತೂ ಇದರ ಮೂರನೇ ಒಂದು ಭಾಗವೂ ಇರಲ್ಲ.

ಇನ್ನು ಆ ಎರಡು ಅಳತೆ. ಒಂದಕ್ಕೆ ದಾರ ಸಾಕು. ಕಾರು ರ‍್ಯಾಂಪಿಗೆ ಹತ್ತಿಸಿದಾಗ, ಪೈಪ್ ಪೂರ್ತಿ ತಣ್ಣಗಾದ ಮೇಲೆ, ನೇರ ಇರುವ ಕಡೆ ದಾರ ಒಂದು ಸುತ್ತು ಸುತ್ತಿ ಸ್ಕೇಲ್ ಮೇಲೆ ಇಡಿ. 120 ಎಂಎಂ ಬಂದರೆ ಒಂದೂವರೆ ಇಂಚು. 140 ಬಂದರೆ ಒಂದೂ ಮುಕ್ಕಾಲು. 160 ಬಂದರೆ ಎರಡು. ಕಾಲಿಂಚಿಗೆ 20 ಎಂಎಂ ದಾರ, ನೆನಪಿಡಲು ಸುಲಭ. ನಡುವಿನ ಅಳತೆ ಬಂದರೂ ಗಾಬರಿ ಬೇಡ, ಕಂಪನಿ ಪೈಪ್ ಎಂಎಂ ಲೆಕ್ಕದಲ್ಲಿ ಇರಬಹುದು. ಅಂಗಡಿಯಲ್ಲಿ ಹೇಳುವುದು ಹೊರಗಿನ ಅಳತೆ, ಅದನ್ನೂ ಗಮನಿಸಿ.

ಎರಡನೆಯದು ಒತ್ತಡದ ಅಳತೆ. ಇದನ್ನು ಬಿಡಲೇಬೇಡಿ. ಕ್ಯಾಟ್‌ಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿದರೆ 18 ಎಂಎಂ ತೂತು ಸಿಗುತ್ತೆ. ಮೆಕ್ಯಾನಿಕ್‌ಗಳ ಹತ್ತಿರ ಆ ತೂತಿಗೆ ಕೂರುವ ಅಡಾಪ್ಟರ್ ಮತ್ತು 0ಯಿಂದ 15 ಪಿಎಸ್‌ಐ ಮೀಟರ್ ಇರುತ್ತೆ. ಇಲ್ಲದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ನಡುವೆ ಒಂದು ಮೀಟರ್ ತಾಮ್ರದ ಕೊಳವೆ ಇರಲಿ, ಇಲ್ಲದಿದ್ದರೆ ಬಿಸಿಗೆ ರಬ್ಬರ್ ಕರಗುತ್ತೆ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ 6000ಕ್ಕೆ ಹೋಗಿ. ಮೀಟರ್ ಓದುವುದು ಪಕ್ಕದಲ್ಲಿ ಕೂತವರ ಕೆಲಸ, ನಿಮ್ಮದಲ್ಲ. 2 ಪಿಎಸ್‌ಐ ಒಳಗೆ ಬಂದರೆ ನಿಮ್ಮ ಪೈಪನ್ನು ಯಾರಿಗೂ ಮುಟ್ಟಲು ಬಿಡಬೇಡಿ. ಮೂರು ನಾಲ್ಕು ಬಂದರೂ ಕಂಪನಿ ಸೈಲೆನ್ಸರ್‌ಗೆ ಅದು ಸಹಜ. ಆರೇಳು ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ. ಕ್ಯಾಟ್ ಒಳಗಿನ ಜೇನುಗೂಡು ಕರಗಿರಬಹುದು, ಅಥವಾ ಹಿಂದಿನ ಮಫ್ಲರ್ (ಸದ್ದಡಗಿಸುವ ಡಬ್ಬ) ಒಳಗಿನ ತಗಡು ತುಕ್ಕು ಹಿಡಿದು ಮುರಿದು ದಾರಿಗೆ ಅಡ್ಡ ಬಿದ್ದಿರಬಹುದು. ಆಗ ಬದಲಾಯಿಸಬೇಕಾದ್ದು ಆ ಭಾಗ ಮಾತ್ರ.

ಮಫ್ಲರ್ ತುಕ್ಕು ನಮ್ಮ ಕರಾವಳಿ ಕಡೆಯವರಿಗೆ ಚೆನ್ನಾಗಿ ಗೊತ್ತು. ಹೊರಗಿನ ಉಪ್ಪುಗಾಳಿ ಒಂದು ಕಡೆ, ಒಳಗಿನ ನೀರು ಇನ್ನೊಂದು ಕಡೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಆ ನೀರು ಆವಿಯಾಗಿ ಹೋಗದೆ ಹಿಂದಿನ ಡಬ್ಬದಲ್ಲೇ ನಿಲ್ಲುತ್ತೆ. ನಿಮ್ಮದು ಅಂಥ ಓಡಾಟವಾದರೆ, ಹೊಸದು ಹಾಕಿಸುವಾಗ 304 ಸ್ಟೇನ್‌ಲೆಸ್ ಕೇಳಿ. ಅಯಸ್ಕಾಂತ ಹಿಡಿದು ನೋಡಿ. 304ಕ್ಕೆ ಅದು ಸರಿಯಾಗಿ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ ಅದು 409 ಅನ್ನುವ ಅಗ್ಗದ ಸ್ಟೇನ್‌ಲೆಸ್, ಅಥವಾ ಬರೀ ಕಬ್ಬಿಣ. 409 ಕೆಟ್ಟದ್ದೇನಲ್ಲ, ಆದರೆ 304ರ ದುಡ್ಡು ಕೊಡಬೇಡಿ.

ಪೈಪಿನ ಇಂಚಿಗಿಂತ ನಾನು ಜಾಸ್ತಿ ನೋಡುವುದು ಬೆಂಡ್. ಸಾದಾ ಮಷಿನ್‌ನಲ್ಲಿ ಒತ್ತಿ ಬಗ್ಗಿಸಿದ ಪೈಪ್ ತಿರುವಿನಲ್ಲಿ ಚಪ್ಪಟೆಯಾಗುತ್ತೆ. ಎರಡು ಇಂಚಿನ ಪೈಪ್ ಅಂತ ದುಡ್ಡು ಕೊಟ್ಟು, ಹಿಂದಿನ ಆಕ್ಸಲ್ ಹತ್ತಿರದ ತಿರುವಿನಲ್ಲಿ ಒಂದೂವರೆ ಇಂಚಿನಷ್ಟೇ ಜಾಗ ಉಳಿಸಿಕೊಂಡವರನ್ನು ನೋಡಿದ್ದೇನೆ. ಚಪ್ಪಟೆಯಾಗದಂತೆ ಒಳಗೆ ಮ್ಯಾಂಡ್ರೆಲ್ ಅನ್ನುವ ಅಚ್ಚು ಇಟ್ಟು ಬಗ್ಗಿಸಿದ ರೆಡಿಮೇಡ್ ಬೆಂಡ್ ಸಿಗುತ್ತೆ, ಅದನ್ನು ಕತ್ತರಿಸಿ ವೆಲ್ಡ್ ಮಾಡಿಸಿ. ಚೆನ್ನಾಗಿ ಬಗ್ಗಿಸಿದ ಒಂದೂ ಮುಕ್ಕಾಲು ಇಂಚು ಚಪ್ಪಟೆಯಾದ ಎರಡು ಇಂಚಿಗಿಂತ ಎಷ್ಟೋ ಮೇಲು.

ರೆಸೊನೇಟರ್ ತೆಗೆಸಬೇಡಿ. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಇಂಜಿನ್ ಸೆಕೆಂಡಿಗೆ 100 ಹೊಡೆತ ಬಿಡುತ್ತೆ. ಹೈವೇಯಲ್ಲಿ ನೂರರ ಆಸುಪಾಸು ಇದೇ ಆರ್‌ಪಿಎಂ. ಆ ಗುಂಯ್ ಸದ್ದು ಕಾರಿನೊಳಗೆ ತುಂಬಿಕೊಂಡರೆ ಮೈಸೂರು ತಲುಪುವಷ್ಟರಲ್ಲಿ ಹಿಂದೆ ಕೂತವರಿಗೆ ತಲೆನೋವು. ನನ್ನ ತಾಯಿ ಎಸ್ಟೀಮ್ ಹತ್ತುವುದನ್ನೇ ಬಿಟ್ಟಿದ್ದರು. ಇನ್ನೊಂದು, ಸ್ವಿಫ್ಟ್ ನೆಲದಿಂದ 163 ಎಂಎಂ ಎತ್ತರ. ಅದರ ಕೆಳಗೆ ಎರಡೂವರೆ ಇಂಚಿನ ಪೈಪ್ ನೇತುಹಾಕಿದರೆ ನಮ್ಮೂರ ಹಂಪ್‌ಗಳಿಗೆ ತಾಗದೆ ಇರಲ್ಲ.

ಕ್ಯಾಟ್ ತೆಗೆಸುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಚೆಕ್ ಇಂಜಿನ್ ಲೈಟ್ ಬರುತ್ತೆ, ಎಮಿಷನ್ ಟೆಸ್ಟ್ ಕಷ್ಟವಾಗುತ್ತೆ, ಹಿಂದೆ ಸ್ಕೂಟರಿನಲ್ಲಿ ಬರುವವರು ಆ ವಿಷ ಕುಡಿಯಬೇಕಾಗುತ್ತೆ. ಸದ್ದು, ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇನ್ನು ಹೆಡರ್, ಅಂದರೆ ಕಂಪನಿ ಮ್ಯಾನಿಫೋಲ್ಡ್ ಬದಲು ಹಾಕುವ ಪೈಪುಗಳ ಜೋಡಣೆ. ನಿಜವಾದ ಲಾಭ ಇರುವುದು ಅಲ್ಲೇ. ಒಂದು ಮತ್ತು ನಾಲ್ಕನೇ ಸಿಲಿಂಡರ್, ಎರಡು ಮತ್ತು ಮೂರನೆಯದು ಜೋಡಿಯಾಗಿ ಕೂಡಿ, ಆಮೇಲೆ ಒಂದಾಗುವ 4-2-1 ಹೆಡರ್ ನಡುವಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತೆ. ಆದರೆ ಇವತ್ತಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಕ್ಯಾಟ್ ಮ್ಯಾನಿಫೋಲ್ಡ್‌ಗೆ ಅಂಟಿಕೊಂಡೇ ಇರುತ್ತೆ. ಹೆಡರ್ ಹಾಕಬೇಕಾದರೆ ಅದನ್ನು ಕತ್ತರಿಸಬೇಕು. ಹಾಗಾಗಿ ರಸ್ತೆ ಮೇಲೆ ಓಡಿಸುವ ಕಾರಿಗೆ ನಾನು ಬೇಡ ಅನ್ನುತ್ತೇನೆ. ಬರೀ ಹಿಂದಿನ ಪೈಪ್ ಬದಲಾಯಿಸಿ ಮೂರು ನಾಲ್ಕು ಎಚ್‌ಪಿ ಸಿಕ್ಕರೆ ಅದೇ ದೊಡ್ಡದು. ಅದೇ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟೈರ್ ಹಾಕಿಸಿದರೆ ಘಾಟಿಯಲ್ಲಿ ನಿಮಗೇ ವ್ಯತ್ಯಾಸ ಗೊತ್ತಾಗುತ್ತೆ.

ಅಳತೆ ಎಲ್ಲ ನೋಡಿ, ಮಾಡಿಸುವುದೇ ಅಂತಾದರೆ, ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಅರ್ತ್ ಕ್ಲ್ಯಾಂಪ್ ಪೈಪಿಗೇ ಹಾಕಿಸಿ, ಕಾರಿನ ಬಾಡಿಯ ಮೇಲೆ ಬೇಡ, ಇಲ್ಲದಿದ್ದರೆ ಇಸಿಯು ಸುಟ್ಟುಹೋಗುವ ಅಪಾಯ ಇದೆ. ಕೆಲಸ ಮುಗಿದ ಮೇಲೆ ಅಲ್ಲೇ ಬಟ್ಟೆ ಮಡಿಸಿ ಹಿಂದಿನ ಬಾಯಿಗೆ ಒತ್ತಿ, ಮುಂದೆ ಕಿವಿಗೊಟ್ಟು ಕೇಳಿ. ‘ಚಪ್ ಚಪ್’ ಬಂದರೆ ದುಡ್ಡು ಕೊಡುವ ಮೊದಲೇ ಸರಿ ಮಾಡಿಸಿಕೊಳ್ಳಿ. ದಾರದ ಅಳತೆ, ಮೀಟರಿನ ಅಳತೆ ಎರಡೂ ಸಿಕ್ಕಿದ ಮೇಲೆ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.